ಮಿಲ್ಲಿನವರ ಬ್ಯಾಗು, ಸೀಡ್ಸ್ ಪ್ಲಾಟಿನ ಕ್ರಾಸಿಂಗು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ಸಲ ಸುಮ್ನೆ ಒಂದು ಸಾಲು ಬರೆದಿದ್ದೆ. ನಿಮ್ಮೂರ ಅಕ್ಕಿ ಮಿಲ್ಲು, ಹತ್ತಿ ಮಿಲ್ಲು, ಬೀಜದ ಕಂಪನಿ, ಹಾಲಿನ ಡೇರಿ ಶಾಲೆಗೆ ಏನಾದರೂ ಮಾಡುತ್ತಿವೆಯಾ, ಬರೆದು ತಿಳಿಸಿ ಅಂತ. ಹೊಗಳಿಕೆಯ ಪತ್ರಗಳು ಬರುತ್ತವೆ ಅಂದುಕೊಂಡಿದ್ದೆ. ಬಂದದ್ದು ಬರೀ ಪ್ರಶ್ನೆಗಳು! ಐದನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ಮೂವರು ಕೇಳಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಅಕ್ಕಾರೆ, ನಮಸ್ಕಾರ್ರಿ. ನಾನು ಗಂಗಾವತಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷ. ನಮ್ಮ ರಸ್ತೆಯಲ್ಲೇ ಮೂರು ಅಕ್ಕಿ ಮಿಲ್ಲು ಇವೆ. ಒಂದು ಮಿಲ್ಲಿನವರು ಪ್ರತಿ ಜೂನ್‌ನಲ್ಲಿ ಬ್ಯಾಗು, ನೋಟ್‌ಬುಕ್ಕು ಕೊಡ್ತಾರೆ. ಬ್ಯಾಗಿನ ಮೇಲೆ ಅವರ ಅಕ್ಕಿ ಬ್ರ್ಯಾಂಡಿನ ಹೆಸರು. ನಮಗೆ ಬೇಕಾಗಿರೋದು ಗಣಿತಕ್ಕೆ ಒಬ್ಬ ಟೀಚರು. ಲಾಭದಲ್ಲಿ 2 ಪರ್ಸೆಂಟ್ ಶಾಲೆಗೆ ಕೊಡಲೇಬೇಕು ಅಂತ ಕಾನೂನಿದೆಯಂತೆ. ಗಟ್ಟಿಯಾಗಿ ಕೇಳಬಹುದಾ?

ಅಧ್ಯಕ್ಷರೇ, ಗಟ್ಟಿಯಾಗಿ ಕೇಳುವ ಮೊದಲು ಆ ಮಿಲ್ಲಿನ ಬೋರ್ಡನ್ನು ಒಮ್ಮೆ ಸರಿಯಾಗಿ ಓದಿ ಬನ್ನಿ. ಹೆಸರಿನ ಕೊನೆಗೆ ಪ್ರೈವೇಟ್ ಲಿಮಿಟೆಡ್ ಅಥವಾ ಬರೀ ಲಿಮಿಟೆಡ್ ಅಂತ ಇದೆಯಾ? ಇಲ್ಲ ಅಂದರೆ ಅದು ಪಾಲುದಾರರ ಫರ್ಮೋ, ಒಬ್ಬರದೇ ಅಂಗಡಿಯೋ ಇರುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಮಿಲ್ಲುಗಳಲ್ಲಿ ಇಂಥವು ಬಹಳ. ನೀವು ಹೇಳುವ ಕಾನೂನು ಇವರಿಗೆ ಅನ್ವಯಿಸುವುದಿಲ್ಲ. ಅದು ಇರುವುದು ಕಂಪನಿಗಳಿಗೆ, ಅದೂ ಎಲ್ಲ ಕಂಪನಿಗಳಿಗಲ್ಲ.

2013ರ ಕಂಪನಿ ಕಾಯ್ದೆಯ 135ನೇ ಕಲಮು, 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಿಂದಿನ ವರ್ಷ ನಿವ್ವಳ ಲಾಭ 5 ಕೋಟಿ ಅಥವಾ ಅದಕ್ಕೂ ಜಾಸ್ತಿ ಇರಬೇಕು, ಇಲ್ಲವೇ ವಹಿವಾಟು 1,000 ಕೋಟಿ ದಾಟಿರಬೇಕು, ಇಲ್ಲವೇ ಕಂಪನಿಯ ಒಟ್ಟು ನಿವ್ವಳ ಮೌಲ್ಯ 500 ಕೋಟಿ ಇರಬೇಕು. ಮೂರರಲ್ಲಿ ಒಂದಿದ್ದರೆ ಸಾಕು, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ತೆಗೆದಿಡಲೇಬೇಕು. ಇದಕ್ಕೇ ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆ ಅನ್ನುತ್ತಾರೆ. ಸರಾಸರಿ ಲಾಭ 6 ಕೋಟಿ ಆದರೆ ಅದು 12 ಲಕ್ಷ. ಆದರೆ ಅಷ್ಟೂ ಶಾಲೆಗೇ ಅಂತ ಎಲ್ಲೂ ಬರೆದಿಲ್ಲ. ಆರೋಗ್ಯ, ಕುಡಿಯುವ ನೀರು, ಪರಿಸರ ಎಲ್ಲ ಇರುವ ಪಟ್ಟಿಯಲ್ಲಿ ಶಿಕ್ಷಣವೂ ಒಂದು. ನಿಮಗೆ ಅನುಕೂಲವಾಗುವ ಮಾತು ಇನ್ನೊಂದಿದೆ: ಕಂಪನಿ ತಾನು ಕೆಲಸ ಮಾಡುವ ಊರು, ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ ಅದೇ ಕಲಮು ಹೇಳುತ್ತದೆ. ಬೇರೆ ರಾಜ್ಯದ ಬೀಜದ ಕಂಪನಿ ನಿಮ್ಮ ತಾಲ್ಲೂಕಿನಲ್ಲಿ ಬೀಜ ಬೆಳೆಸುತ್ತಿದ್ದರೆ ನಿಮ್ಮ ಅರ್ಜಿಯಲ್ಲಿ ಈ ಮಾತು ಬರಲೇಬೇಕು. ಯಾವ ಕಂಪನಿ ಎಲ್ಲಿ ಎಷ್ಟು ಖರ್ಚು ಮಾಡಿದೆ ಅನ್ನೋದು ಕೇಂದ್ರ ಸರ್ಕಾರದ ಸಿಎಸ್‌ಆರ್ ಪೋರ್ಟಲಿನಲ್ಲಿ ಜಿಲ್ಲಾವಾರು ಸಿಗುತ್ತದೆ. ಊರಲ್ಲಿ ಮೊಬೈಲ್ ಹಿಡಿದು ಕೂತಿರುವ ಯಾವ ಹುಡುಗನಿಗೆ ಹೇಳಿದರೂ ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಾನೆ.

ಬ್ಯಾಗಿನ ವಿಷಯ. ತನ್ನ ಸರಕಿನ ಪ್ರಚಾರಕ್ಕೆ ಅಂತ ಕಂಪನಿ ಮಾಡುವ ಪ್ರಾಯೋಜಕತ್ವವನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಿಡಿಯುವಂತಿಲ್ಲ ಅಂತ 2021ರಲ್ಲಿ ನಿಯಮ ಬಿಗಿ ಮಾಡಿದ್ದಾರೆ. ನಿಮ್ಮ ಮಿಲ್ಲಿಗೆ ಆ ನಿಯಮವೂ ಇಲ್ಲ, ಅವರ ದುಡ್ಡು, ಅವರ ಬ್ಯಾಗು. ನನಗೇನೂ ಸಿಟ್ಟಿಲ್ಲ. ನಾನು ಕಾರಟಗಿ ಕಡೆಯ ಶಾಲೆಯಲ್ಲಿ ಓದುವಾಗ ಅವ್ವ ಯೂರಿಯಾ ಚೀಲವನ್ನು ಮೂರು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಪಾಟಿ ಚೀಲ ಹೊಲಿದುಕೊಡುತ್ತಿದ್ದಳು. ಅದರ ಮೇಲೂ ಗೊಬ್ಬರದ ಕಂಪನಿಯ ಹೆಸರು ಇರುತ್ತಿತ್ತು. ಅದನ್ನು ಯಾರೂ ಶಿಕ್ಷಣಕ್ಕೆ ಸಹಾಯ ಅಂತ ಕರೆದು ಫೋಟೊ ತೆಗೆಸಿಕೊಳ್ಳಲಿಲ್ಲ, ಅಷ್ಟೇ.

ಈಗ ಟೀಚರ್. ಮಿಲ್ಲಿನವರಿಗೆ ಇದನ್ನು ಬಾಯಿಮಾತಲ್ಲಿ ಕೇಳಬೇಡಿ. ಒಂದೇ ಪುಟದ ಪತ್ರ ಬರೆಯಿರಿ. ಎಷ್ಟು ಮಕ್ಕಳು, ಎಷ್ಟು ದಿನದಿಂದ ಗಣಿತ ಪಾಠ ಇಲ್ಲ, ಊರಲ್ಲೇ ಬಿಎಡ್ ಮಾಡಿಕೊಂಡು ಮನೇಲಿ ಕೂತಿರುವ ಹೆಣ್ಮಗಳು ಯಾರಾದರೂ ಇದ್ದರೆ ಅವರಿಗೆ ತಿಂಗಳಿಗೆ ಎಷ್ಟು ಕೊಡಬೇಕು, ಎಷ್ಟು ತಿಂಗಳು. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ, ಮುಖ್ಯ ಗುರುಗಳ ಸಹಿ ಹಾಕಿಸಿ. ದುಡ್ಡು ಬಂದರೆ ಎಸ್‌ಡಿಎಂಸಿ ಬ್ಯಾಂಕ್ ಖಾತೆಗೇ ಬರಲಿ, ರಸೀದಿ ಕೊಡಿ. ಯಾರ ಜೇಬಿಗೂ ನಗದು ಬೇಡ, ನಿಮ್ಮ ಜೇಬಿಗೂ ಬೇಡ! ಹೊತ್ತು ನೋಡಿಕೊಂಡು ಹೋಗಿ. ಮುಂಗಾರಿನ ಭತ್ತ ಬರುವ ನವೆಂಬರ್, ಡಿಸೆಂಬರ್‌ನಲ್ಲಿ ಮಿಲ್ಲಿನವರ ದುಡ್ಡೆಲ್ಲ ಭತ್ತ ಕೊಳ್ಳೋದರಲ್ಲೇ ಸಿಕ್ಕಿಕೊಂಡಿರುತ್ತದೆ, ಆಗ ಹೋದರೆ ಚಹಾ ಕುಡಿಸಿ ಕಳಿಸುತ್ತಾರೆ. ಮೂರು ಮಿಲ್ಲು ಇದ್ದಾವಲ್ಲ, ಮೂವರಿಗೂ ಒಟ್ಟಿಗೆ ಕೇಳಿ. ಒಬ್ಬೊಬ್ಬರ ಪಾಲು ಸಣ್ಣದಾಗುತ್ತದೆ, ಒಬ್ಬರು ಕೊಟ್ಟರೆ ಇನ್ನೊಬ್ಬರಿಗೆ ಮುಖ ಉಳಿಸಿಕೊಳ್ಳೋ ಚಿಂತೆ ಶುರುವಾಗುತ್ತದೆ. ಗೋಡೆಗೆ ಹೆಸರು ಬರೆಸುತ್ತೇವೆ ಅಂದರೆ ಬರೆಸಲಿ ಬಿಡಿ. ಆದರೆ ಬ್ರ್ಯಾಂಡಿನ ಹೆಸರು ಬೇಡ, ಕೊಟ್ಟವರ ಹೆಸರು ಸಾಕು.

ಅಕ್ಕಾ, ನಾವು ಕುಷ್ಟಗಿ ತಾಲ್ಲೂಕಿನವರು. ಎರಡು ಎಕರೆ ಒಣ ಭೂಮಿ. ನನ್ನ ಮಗಳಿಗೆ 13 ವರ್ಷ, 8ನೇ ಕ್ಲಾಸು. ಬೀಜದ ಕಂಪನಿಗೆ ರೈತರಿಂದ ಬೀಜ ಬೆಳೆಸಿಕೊಡೋ ಆರ್ಗನೈಜರ್ ಊರಲ್ಲಿ ಪ್ರತಿಭಾ ಪುರಸ್ಕಾರ ಮಾಡಿಸ್ತಾನೆ, ಹೋದ ವರ್ಷ ನನ್ನ ಮಗಳಿಗೂ ಒಂದು ಕಂಪಾಸ್ ಬಾಕ್ಸ್ ಬಂತು. ಅದೇ ಮನುಷ್ಯ ಈಗ ಮಗಳನ್ನ ಎರಡು ತಿಂಗಳು ಹತ್ತಿ ಕ್ರಾಸಿಂಗಿಗೆ ಕಳಿಸಿ, ಅಡ್ವಾನ್ಸ್ ತಗೊಳ್ಳಿ ಅಂತ ಬಂದಿದ್ದಾನೆ. ಮನೆಯವರು ಅರ್ಧ ಅಡ್ವಾನ್ಸ್ ತಗೊಂಡೂ ಆಗಿದೆ. ಏನು ಮಾಡಲಿ?

ತಂಗಿ, ಕಳಿಸಬೇಡ.

ಇನ್ನು ಉಳಿದದ್ದು ಕೇಳು. ನಿನ್ನ ಮಗಳಿಗೆ 14 ತುಂಬಿಲ್ಲ. 14ರ ಒಳಗಿನ ಮಗುವನ್ನು ಬೇರೆಯವರ ಹೊಲದಲ್ಲಿ ಕೂಲಿಗೆ ಇಟ್ಟುಕೊಳ್ಳೋದು ಅಪರಾಧ. 2016ರಲ್ಲಿ ಕಾನೂನು ತಿದ್ದಿದ ಮೇಲೆ ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20 ಸಾವಿರದಿಂದ 50 ಸಾವಿರ ದಂಡ, ಇಲ್ಲವೇ ಎರಡೂ. ಮೊದಲ ಸಲ ಆದರೆ ತಂದೆ ತಾಯಿಗೆ ಶಿಕ್ಷೆ ಇಲ್ಲ. ಇದನ್ನ ಮನೆಯವರಿಗೆ ಹೇಳು, ಆದರೆ ಹೆದರಿಸೋಕೆ ಹೇಳಬೇಡ. ಅಡ್ವಾನ್ಸ್ ವಾಪಸ್ ಕೊಡೋಕೆ ಆಗದಿದ್ದರೆ ದೊಡ್ಡವರು ಯಾರಾದರೂ, ನೀನೋ ಅವರೋ, ಅಷ್ಟು ದಿನ ಹೋಗಿ ಕೆಲಸ ಮಾಡಿ ತೀರಿಸಬಹುದು ಅಂತ ಆರ್ಗನೈಜರ್‌ಗೆ ನೇರ ಹೇಳಿ. ಹುಡುಗಿಯೇ ಬೇಕು ಅಂತ ಹಟ ಹಿಡಿದರೆ 1098ಕ್ಕೆ ಫೋನ್ ಮಾಡು. ಮಕ್ಕಳ ಸಹಾಯವಾಣಿ ಅದು, ದುಡ್ಡು ಬೀಳಲ್ಲ.

ಅವನಿಗೆ ಹುಡುಗಿಯೇ ಯಾಕೆ ಬೇಕು ಅನ್ನೋದನ್ನ ಓದುಗರಿಗೂ ಸ್ವಲ್ಪ ಬಿಡಿಸಿ ಹೇಳಬೇಕು. ಕ್ರಾಸಿಂಗ್ ನೋಡದವರಿಗೆ ಇದು ಅರ್ಥ ಆಗೋದಿಲ್ಲ. ನಾವು ಅಂಗಡಿಯಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಕೊಳ್ಳುವ ಹೈಬ್ರಿಡ್ ಹತ್ತಿ ಬೀಜ ಯಂತ್ರದಲ್ಲಿ ಆಗುವಂಥದ್ದಲ್ಲ. ಪ್ರತಿ ಬೀಜದ ಹಿಂದೆ ಒಂದು ಕೈ ಇದೆ. ಮಧ್ಯಾಹ್ನದ ಮೇಲೆ, ನಾಳೆ ಅರಳಬೇಕಾದ ಹೆಣ್ಣು ಸಾಲಿನ ಮೊಗ್ಗನ್ನ ಹುಡುಕಿ, ಹೆಬ್ಬೆರಳ ಉಗುರಿನಿಂದ ಸುತ್ತ ಗೀರಿ, ಎಸಳಿನ ಜೊತೆಗೇ ಗಂಡು ಕೇಸರಗಳನ್ನ ಒಂದೇ ಸಲಕ್ಕೆ ಕಳಚಬೇಕು. ಒಳಗಿನ ಕಡ್ಡಿ ಮುರಿಯಬಾರದು. ಗುರುತಿಗೆ ಅಂತ ಬಣ್ಣದ ಕಾಗದ ಸಿಕ್ಕಿಸಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು ಆ ಕಡ್ಡಿಗೆ ಹಚ್ಚಬೇಕು. ಬೆಳಿಗ್ಗೆ ಹಚ್ಚೋದು, ಮಧ್ಯಾಹ್ನ ಬಿಡಿಸೋದು. ಹೀಗೆ ದಿನಾ, ಎರಡು ತಿಂಗಳು, ಭಾನುವಾರನೂ ಇಲ್ಲದೆ, ಯಾಕಂದರೆ ಹೂವಿಗೆ ರಜೆ ಇಲ್ಲ. ಈಗ ಶಾಲೆಯ ವೇಳಾಪಟ್ಟಿ ತಂದು ಇದರ ಪಕ್ಕ ಇಟ್ಟು ನೋಡಿ. ಒಂದು ಗಂಟೆಯೂ ಖಾಲಿ ಉಳಿಯೋದಿಲ್ಲ.

ಸಣ್ಣ ಬೆರಳಿದ್ದರೆ ಹೂ ಕೆಡೋದಿಲ್ಲ ಅಂತ ಒಂದು ಮಾತು ನಮ್ಮ ಕಡೆ ಓಡಾಡುತ್ತದೆ. ಬರೀ ಸುಳ್ಳು. ದೊಡ್ಡ ಹೆಣ್ಮಕ್ಕಳೂ ಅಷ್ಟೇ ಚೆನ್ನಾಗಿ ಮಾಡುತ್ತಾರೆ. ಬೀಜದ ಪ್ಲಾಟು ಅಂದರೆ ಕಂಪನಿಗಾಗಿ ರೈತ ಬೀಜ ಬೆಳೆಯುವ ಹೊಲ. ಅದರ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೂಲಿಯೇ ಇರುತ್ತದೆ, ಕಂಪನಿ ರೈತನಿಗೆ ಕೊಡೋದು ಬೀಜದ ಕಿಲೋ ಲೆಕ್ಕದಲ್ಲಿ. ಆ ರೇಟು ಬಿಗಿ ಇದ್ದಾಗ ರೈತ ಕೂಲಿಯಲ್ಲಿ ಉಳಿಸೋಕೆ ನೋಡುತ್ತಾನೆ, ಕಡಿಮೆ ಕೂಲಿಗೆ, ಎದುರು ಮಾತಾಡದೆ ದುಡಿಯೋರು ಯಾರು ಅಂದರೆ ಹದಿಮೂರರ ಹುಡುಗಿ. ಕಂಪಾಸ್ ಬಾಕ್ಸ್ ಬಂದ ಕಡೆಯಿಂದಲೇ ಅಡ್ವಾನ್ಸೂ ಬರೋದು ಹೀಗೆ. ಕಂಪನಿ ಕೆಟ್ಟದ್ದು ಅಂತ ಅಲ್ಲ, ಆರ್ಗನೈಜರ್ ಕೂಡ ಯಾರದೋ ಮನೆ ಮಗನೇ. ರೇಟಿನ ಲೆಕ್ಕ ಮಾಡೋರು ಒಂದು ಕಡೆ, ಬಹುಮಾನದ ಲೆಕ್ಕ ಮಾಡೋರು ಇನ್ನೊಂದು ಕಡೆ ಕೂತಿರುತ್ತಾರೆ.

ಹಾಗಾಗಿ ನನ್ನನ್ನು ಕೇಳಿದರೆ ಬೀಜದ ಕಂಪನಿ ಹಳ್ಳಿಯ ಓದಿಗೆ ಮಾಡಬಹುದಾದ ದೊಡ್ಡ ಸಹಾಯ ಶಾಲೆಯ ಅಂಗಳದಲ್ಲಿ ಇಲ್ಲ, ತನ್ನದೇ ಪ್ಲಾಟಿನಲ್ಲಿದೆ. ದೊಡ್ಡವರಿಗೆ ಕೊಡುವ ಕೂಲಿ ಗಿಟ್ಟುವ ಹಾಗೆ ರೇಟು ಕೊಡೋದು, ಮಕ್ಕಳು ಕಂಡ ಪ್ಲಾಟಿನ ಬೀಜ ಕೊಳ್ಳೋದಿಲ್ಲ ಅಂತ ಹೇಳಿ ಹಾಗೇ ನಡೆಯೋದು. ಮಕ್ಕಳನ್ನು ದುಡಿಸಬಾರದು ಅನ್ನುವ ಷರತ್ತು ಈಗ ಎಷ್ಟೋ ದೊಡ್ಡ ಕಂಪನಿಗಳ ಒಪ್ಪಂದದಲ್ಲೇ ಇರುತ್ತದೆ. ತಂಗಿ, ಪ್ಲಾಟಿನ ರೈತನ ಹತ್ತಿರ ಆ ಕಾಗದ ಇರುತ್ತದೆ, ತೋರಿಸು ಅಂತ ಕೇಳು. ತೋರಿಸೋಕೆ ಹಿಂದೆಮುಂದೆ ನೋಡಿದರೆ ಒಳಗೆ ಏನಿದೆ ಅಂತ ನಿನಗೇ ಗೊತ್ತಾಗುತ್ತದೆ.

ನಿಮ್ಮದೇ ಎರಡು ಎಕರೆಯಲ್ಲಿ ಮಗಳು ಕೈಜೋಡಿಸಿದರೆ? ಅದಕ್ಕೆ ಅಡ್ಡಿ ಇಲ್ಲ, ಆದರೆ ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಮಾತ್ರ. ಸಂಜೆ 7ರಿಂದ ಬೆಳಿಗ್ಗೆ 8ರ ನಡುವೆ ಅದೂ ಇಲ್ಲ. ಹೇಳದೆ ಕೇಳದೆ ಮಗು 30 ದಿನ ಸತತ ಶಾಲೆಗೆ ಬರದಿದ್ದರೆ ಮುಖ್ಯ ಗುರುಗಳು ಸಂಬಂಧಪಟ್ಟ ಅಧಿಕಾರಿಗೆ ತಿಳಿಸಬೇಕು ಅಂತಲೂ ನಿಯಮ ಇದೆ. ನನಗೆ ಪರಿಚಯದ ಒಬ್ಬ ಮೇಷ್ಟ್ರು ಅಷ್ಟು ದಿನ ಕಾಯುತ್ತಿರಲಿಲ್ಲ. ಆಗಸ್ಟ್ ಬಂತು ಅಂದರೆ ಹಾಜರಿ ಕೂಗುವಾಗ ಹುಡುಗಿಯರ ಕೈ ನೋಡೋರು. ಹೆಬ್ಬೆರಳ ಉಗುರು ಮಾತ್ರ ಉದ್ದ ಬಿಟ್ಟಿದ್ದರೆ ಆ ಸಂಜೆ ಅವರ ಸೈಕಲ್ಲು ಆ ಹುಡುಗಿಯ ಮನೆ ಮುಂದೆ.

ಮೇಡಂ, ಸಿರುಗುಪ್ಪ ಕಡೆಯಿಂದ ಬರೀತಿದ್ದೀನಿ. ಶಾಲೆಯಲ್ಲಿ ಮಕ್ಕಳಿಗೆ ಕೊಡೋ ಹಾಲು ಡೇರಿಯವರ ದಾನ ಅಂತ ನಮ್ಮ ಸೊಸೈಟಿ ಕಾರ್ಯದರ್ಶಿ ಹೇಳ್ತಾರೆ. ಹೌದಾ?

ದಾನ ಅಲ್ಲ, ವ್ಯಾಪಾರ. ಕೆಟ್ಟ ವ್ಯಾಪಾರವೂ ಅಲ್ಲ. ಕ್ಷೀರಭಾಗ್ಯ ಅಂತ ಸರ್ಕಾರ 2013ರ ಆಗಸ್ಟ್ 1ರಂದು ಶುರು ಮಾಡಿದ ಯೋಜನೆ ಅದು. ಕೆಎಂಎಫ್ ಹಾಲಿನ ಪುಡಿ ಕೊಡುತ್ತದೆ, ಸರ್ಕಾರ ದುಡ್ಡು ಕೊಡುತ್ತದೆ, ಮಗುವಿಗೆ 150 ಎಂಎಲ್ ಹಾಲು. ಹಾಲು ಜಾಸ್ತಿಯಾಗಿ ಪುಡಿ ಗೋಡೌನಿನಲ್ಲಿ ಕೂತಿದ್ದ ಕಾಲದಲ್ಲಿ ಒಕ್ಕೂಟಗಳಿಗೆ ಇದರಿಂದ ಉಸಿರು ಬಂತು. ಕಾರ್ಯದರ್ಶಿಗೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ವರ್ಷದ ಲಾಭ ಹಂಚುವಾಗ ಊರಿನ ಶಾಲೆಗೆ ಅಂತ ಏನಾದರೂ ತೆಗೆದಿಟ್ಟಿದ್ದೀರಾ ಅಂತ ಸರ್ವಸದಸ್ಯರ ಸಭೆಯಲ್ಲಿ, ಮೈಕಿನಲ್ಲಿ ಕೇಳಿ.

ಸಿಂಧನೂರು ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿಯ ನಿರ್ದೇಶಕ ನಾನು. ಗೊಬ್ಬರ, ಬೀಜದ ಅಂಗಡಿ ನಡೆಸ್ತೀವಿ. ಸಣ್ಣ ಲಾಭ. ಸದಸ್ಯರ ಮಕ್ಕಳ ಓದಿಗೆ ಏನಾದರೂ ಮಾಡೋಣ ಅಂದರೆ ನಮ್ಮ ಸಿಇಒ ಕಾನೂನು ಬಿಡಲ್ಲ ಅಂತಾರೆ.

ಕಾನೂನು ಬಿಡುತ್ತದೆ ಅಣ್ಣಾವ್ರೇ, ಮಿತಿ ಹಾಕಿ ಬಿಡುತ್ತದೆ. ಉತ್ಪಾದಕ ಕಂಪನಿ ವಿಶೇಷ ನಿರ್ಣಯ ಮಾಡಿ ಸದಸ್ಯರ ಅಥವಾ ಸಾರ್ವಜನಿಕರ ಹಿತಕ್ಕೆ ದೇಣಿಗೆ ಕೊಡಬಹುದು. ಒಂದು ವರ್ಷದಲ್ಲಿ ಕೊಟ್ಟದ್ದೆಲ್ಲ ಸೇರಿ ಹಿಂದಿನ ವರ್ಷದ ನಿವ್ವಳ ಲಾಭದ 3 ಪರ್ಸೆಂಟ್ ಮೀರಬಾರದು. ರಾಜಕೀಯ ಪಕ್ಷಕ್ಕಂತೂ ಕೊಡುವಂತೆಯೇ ಇಲ್ಲ. ಲಾಭ 4 ಲಕ್ಷ ಆಗಿದ್ದರೆ 12 ಸಾವಿರ. ನೋಡಿ, 2 ಪರ್ಸೆಂಟ್ ಕೊಡಲೇಬೇಕಾದ ದೊಡ್ಡ ಕಂಪನಿಗಳ ಮಾತಾಡುತ್ತಾ ಇದ್ದೆವು, ಮನಸ್ಸು ಮಾಡಿದರೆ ನೀವು 3 ಕೊಡಬಹುದು!

12 ಸಾವಿರದಲ್ಲಿ ಕಟ್ಟಡ ಏಳೋದಿಲ್ಲ. ಶಾಲು, ಹಾರ, ಸ್ಟೇಜು ಅಂತ ಹೊರಟರೆ ಒಂದು ಸಂಜೆಗೆ ಮುಗಿದುಹೋಗುತ್ತದೆ, ದಯವಿಟ್ಟು ಅದನ್ನು ಮಾಡಬೇಡಿ. ನಿಮ್ಮ ಕಡೆ ಭತ್ತದ ನೀರಾವರಿ ಇದೆ ಅನ್ನೋದು ನಿಜ, ಆದರೆ ಕಾಲುವೆಯ ಕೊನೆಯ ಊರುಗಳಿಂದ ಈಗಲೂ ಗುಳೆ ಹೋಗುತ್ತಾರೆ ಅಲ್ವಾ? ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಬಿಡಿಸೋಕೆ ಅಂತಲೂ ಮನೆಮಂದಿಯೆಲ್ಲ ಹೋಗುತ್ತಾರೆ. ಅದೇ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ನಿಮ್ಮ ಸದಸ್ಯರಲ್ಲಿ ಅಂಥ ಮನೆ ಎಷ್ಟು ಅಂತ ಎಣಿಸಿ. ಐದೇ ಹುಡುಗರಿದ್ದರೂ ಸರಿ, ಅಜ್ಜಿಯೋ ದೊಡ್ಡಮ್ಮನೋ ಇರುವ ಮನೆಯಲ್ಲಿ ಅವರನ್ನು ಉಳಿಸಿ ಮೂರು ತಿಂಗಳ ಅಕ್ಕಿ, ಬೇಳೆ, ಎಣ್ಣೆ ಕೊಟ್ಟರೆ ಆ ದುಡ್ಡು ಸಾರ್ಥಕ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ 75.36 ಪರ್ಸೆಂಟ್ ಇದ್ದಾಗ ರಾಯಚೂರು ಜಿಲ್ಲೆಯದು 59.56 ಇತ್ತು. ಹೀಗೆ ಚಳಿಗಾಲದಲ್ಲಿ ಊರು ಬಿಟ್ಟು ಹೋದ ಮಕ್ಕಳು ಆ ಅಂತರದಲ್ಲಿ ಎಷ್ಟು ಜನ ಇರಬಹುದು ಅಂತ ನಾನು ಆಗಾಗ ಯೋಚನೆ ಮಾಡುತ್ತೇನೆ.

ಒಂದು ಎಚ್ಚರಿಕೆ. ಹೈಸ್ಕೂಲ್ ಮಕ್ಕಳನ್ನು ನಮ್ಮ ಗೊಬ್ಬರದ ಟಾಟಾ ಏಸ್‌ನಲ್ಲೇ ಬಿಟ್ಟುಬರ್ತೀವಿ ಅಂತ ನಿಮ್ಮ ಪತ್ರದ ಕೊನೆಗೆ ಬರೆದಿದ್ದೀರಿ. ಬೇಡ. ಸರಕಿನ ಗಾಡಿಯಲ್ಲಿ ಮಕ್ಕಳನ್ನು ಹಾಕಬೇಡಿ. 2023ರ ಜೂನ್‌ನಿಂದ ಹುಡುಗಿಯರಿಗೆ ಬಸ್ಸು ಫ್ರೀ ಇದೆ, ತೊಂದರೆ ಇರೋದು ಟೈಮಿನದು. ಕಂಪನಿಯ ಲೆಟರ್‌ಹೆಡ್‌ನಲ್ಲಿ ಡಿಪೊ ಮ್ಯಾನೇಜರ್‌ಗೆ ಒಂದು ಮನವಿ ಬರೆಯಿರಿ, ಇಷ್ಟು ಸದಸ್ಯರ ಇಷ್ಟು ಮಕ್ಕಳು, ಬೆಳಿಗ್ಗೆ ಇಷ್ಟೊತ್ತಿಗೆ ಬಸ್ಸು ಬೇಕು ಅಂತ. ಅದಕ್ಕೆ ನಿರ್ಣಯವೂ ಬೇಡ, ದುಡ್ಡೂ ಬೇಡ.

ಅಕ್ಕಾ, ನಾನು ಮಾನ್ವಿಯಲ್ಲಿ ಪಿಯುಸಿ ಸೈನ್ಸ್ ಓದ್ತಿದ್ದೀನಿ. ಅಪ್ಪ ಹತ್ತಿ ಬೆಳೀತಾರೆ. ಬೀಜದ ಕಂಪನಿಯಲ್ಲಿ ಕೆಲಸ ಮಾಡೋ ಆಸೆ, ಆದರೆ ಕೂಲಿಯಾಗಿ ಅಲ್ಲ. ಕಂಪನಿಯವರು ಸ್ಕಾಲರ್‌ಶಿಪ್ ಕೊಡ್ತಾರಾ?

ನಿನ್ನ ಪತ್ರದ ಮೂರನೇ ಸಾಲು ಓದಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ ಪುಟ್ಟಿ!

ಕಂಪನಿಯ ಸ್ಕಾಲರ್‌ಶಿಪ್ ನಂಬಿಕೊಂಡು ಕೂರಬೇಡ. ಬಂದರೆ ತಗೋ. ಮೊದಲು ನಿನ್ನ ಹಕ್ಕಿನದನ್ನ ನೋಡಿಕೊ. ಸಿಇಟಿಗೆ ಅರ್ಜಿ ಹಾಕುವಾಗ ಕೃಷಿಕರ ಕೋಟಾ ಅಂತ ಬರುತ್ತದೆ, ಬಿಎಸ್‌ಸಿ ಕೃಷಿ ಸೀಟಿಗೆ. ಅಪ್ಪನ ಹೆಸರಲ್ಲಿ ಭೂಮಿ ಇದ್ದರೆ ಕಾಗದಪತ್ರ ಈಗಲೇ ಮಾಡಿಸಿಡು, ಕೊನೆ ವಾರ ನಾಡಕಚೇರಿ ಮುಂದೆ ಅಳೋದು ಬೇಡ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಬೇರೆ ಇದೆ. ಈ ಭಾಗದ ವಿಶ್ವವಿದ್ಯಾಲಯಗಳಲ್ಲಿ 70 ಪರ್ಸೆಂಟ್ ಸೀಟು, ರಾಜ್ಯದ ಉಳಿದ ಕಡೆ 8. ನಿನ್ನ ರಾಯಚೂರಿನಲ್ಲೇ 2009ರಿಂದ ಕೃಷಿ ವಿಶ್ವವಿದ್ಯಾಲಯ ಇದೆ, ಮಾನ್ವಿಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಎಲ್ಲ ನೋಡಿಕೊಂಡು ವಾಪಸ್ ಬರಬಹುದು. ಒಂದು ಸಲ ಹೋಗಿ ಬಾ. ರೈತರ ಮಕ್ಕಳಿಗೆ ಅಂತ ರಾಜ್ಯ ಸರ್ಕಾರ 2021ರಲ್ಲಿ ವಿದ್ಯಾನಿಧಿ ಶುರು ಮಾಡಿತ್ತು, ಅದಕ್ಕೆ ಅಪ್ಪನ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಬೇಕು. ಈಗಿನ ಸ್ಥಿತಿಯನ್ನ ಕಾಲೇಜಿನ ಆಫೀಸಿನಲ್ಲಿ ಕೇಳು.

ಕೃಷಿಕರ ಕೋಟಾದ ಸೀಟಿಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು ಇದೇನು ಅಂತ ಕೇಳುತ್ತಾರೆ. ರೈತನ ಮಗಳು, ಇದರಲ್ಲೇನು ಅಂತ ಹಗುರ ಮಾಡಬೇಡ. ಹತ್ತಿ ಹೊಲದಲ್ಲಿ ಹುಟ್ಟಿದ ಮಕ್ಕಳೇ ಸಜ್ಜೆ ಯಾವುದು, ನವಣೆ ಯಾವುದು ಅಂತ ತಬ್ಬಿಬ್ಬಾಗುತ್ತಾರೆ. ಯೂರಿಯಾ ಬಿಳಿ ಕಾಳು, ಡಿಎಪಿ ಬೇರೆ ಬಣ್ಣ, ಪೊಟ್ಯಾಷ್ ಬಹಳ ಸಲ ಕೆಂಪು, ಇವನ್ನೆಲ್ಲ ಪುಸ್ತಕದಲ್ಲಿ ನೋಡಿ ಆಗೋದಿಲ್ಲ, ಅಂಗೈಯಲ್ಲಿ ಹಿಡಿದು ನೋಡಬೇಕು.

ಸಿಂಧನೂರಿನ ಅಣ್ಣಾವ್ರೇ, ನಿಮ್ಮ ಅಂಗಡಿಯಲ್ಲಿ ಇವೆಲ್ಲ ಇವೆಯಲ್ಲ? ಸಿಇಟಿ ಮುಂಚೆ ಎರಡು ಭಾನುವಾರ ಶಟರ್ ಅರ್ಧ ಎತ್ತಿ, ಸುತ್ತಲಿನ ಪಿಯು ಮಕ್ಕಳನ್ನ ಕೂರಿಸಿ, ಒಬ್ಬ ಹಿರಿಯ ಸದಸ್ಯರಿಂದ ತೋರಿಸಿಬಿಡಿ. ಈ ಹುಡುಗಿಯ ಪತ್ರಕ್ಕೆ ಉತ್ತರ ಬರೆಯುವಾಗ, ಬಂದು ಕೂರಬಹುದಾ ಅಂತ ನಿಮ್ಮನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಮುಂದಿನ ಸಂಚಿಕೆಗೆ ಮುಂಚೆ ಒಂದು ಸಾಲು ಬರೆಯಿರಿ.